ನೋವಿಗೆ ಬಾಗಿಲಲ್ಲೇ ತಡೆ

ಹಲ್ಲುನೋವನ್ನು ದೊಡ್ಡ ರೋಗವೆಂದು ಎಣಿಸುವವರು ವಿರಳ. ಲವಂಗದ ಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಹಲ್ಲಿನ ಕುಳಿಯಲ್ಲಿರಿಸಿ, ಬಿಸಿ ಉಪ್ಪುನೀರಿನಿಂದ ಬಾಯಿ ಮುಕ್ಕಳಿಸಿ, ನೋವು ತಗ್ಗಿದೊಡನೆ ಅದನ್ನು ಮರೆತುಬಿಡುವುದು ಜನರ ವಾಡಿಕೆ. ಹಲ್ಲು ದೇಹದ ಅತಿ ಚಿಕ್ಕ ಅಂಗಗಳಲ್ಲೊಂದು. ಅದರಿಂದ ಪ್ರಾಣಕ್ಕೆ ಅಪಾಯ ಒದಗೀತೆಂದು ಯಾರೂ ಸುಲಭವಾಗಿ ನಂಬುವುದಿಲ್ಲ. ಆದರೆ ಹುಳುಕಾದ ಹಲ್ಲಿನಿಂದ ಹೊರಟ ಸೋಂಕು ದವಡೆಯನ್ನು ದಾಟಿ ಕೊರಳಿಗೆ ಇಳಿದು ಮನುಷ್ಯನ ಉಸಿರನ್ನೇ ಕಟ್ಟಿಹಾಕಬಲ್ಲದು. ಅಂಥ ಸಂಕಟದ ಸಮಯದಲ್ಲಿ ರೋಗಿಯನ್ನು ನಿದ್ರೆಗೆ ಕೆಡವದೆ, ಅವನು ಎಚ್ಚರವಾಗಿರುವಾಗಲೇ ನೋವನ್ನು ಮಾತ್ರ ನಿಲ್ಲಿಸಿ ಕೀವನ್ನು ಹೊರತೆಗೆಯುವ ಉಪಾಯವೊಂದು ವೈದ್ಯವಿಜ್ಞಾನದಲ್ಲಿದೆ. ಅದಕ್ಕೆ ನರತಡೆ ಎಂದು ಹೆಸರು.

ಒಬ್ಬ ರೋಗಿಯನ್ನು ಕಲ್ಪಿಸಿಕೊಳ್ಳಬಹುದು. ಅವನು ನಲವತ್ತು ವರ್ಷ ವಯಸ್ಸಿನ ರೈತ. ಕೆಳದವಡೆಯ ಹಿಂಬದಿಯ ಹಲ್ಲೊಂದು ತಿಂಗಳುಗಳ ಹಿಂದೆ ಅವನನ್ನು ಬಹಳವಾಗಿ ಕಾಡಿತ್ತು. ಆಮೇಲೆ ನೋವು ತಾನಾಗಿಯೇ ನಿಂತುಹೋಯಿತು. ಹಲ್ಲು ಗುಣವಾಯಿತೆಂದು ಅವನು ಸಂತೋಷಪಟ್ಟನು. ವಾಸ್ತವದಲ್ಲಿ ಹಲ್ಲು ಗುಣವಾಗಿರಲಿಲ್ಲ. ಅದರ ಒಳಗಿನ ಜೀವಂತ ತಿರುಳು ಸತ್ತುಹೋಗಿತ್ತು. ನೋವನ್ನು ಅರುಹಬೇಕಾದ ನರವೇ ನಾಶವಾದ ಮೇಲೆ ನೋವು ಎಲ್ಲಿಂದ ಬಂದೀತು? ಆದರೆ ಸತ್ತ ತಿರುಳಿನಲ್ಲಿ ಬೇರುಬಿಟ್ಟ ರೋಗಾಣುಗಳು ಸುಮ್ಮನಿರಲಿಲ್ಲ. ಅವು ಹಲ್ಲಿನ ಬೇರಿನ ತುದಿಯಿಂದ ಹೊರಬಂದು ದವಡೆಯ ಎಲುಬನ್ನು ಕೊರೆಯತೊಡಗಿದುವು. ಒಂದು ದಿನ ದವಡೆಯ ಕೆಳಗೆ ಬಾವು ಕಾಣಿಸಿಕೊಂಡಿತು. ಮೂರನೆಯ ದಿನದ ಹೊತ್ತಿಗೆ ಅದು ನಿಂಬೆಹಣ್ಣಿನಷ್ಟಾಗಿ, ಚರ್ಮ ಕೆಂಪೇರಿ, ಜ್ವರ ಬಂದು, ಬಾಯಿಯನ್ನು ಒಂದು ಬೆರಳಿನಷ್ಟು ಮಾತ್ರವೇ ತೆರೆಯಲು ಸಾಧ್ಯವಾಯಿತು. ಆಗ ಅವನು ಆಸ್ಪತ್ರೆಗೆ ಬಂದನು. ಈ ರೈತನು ಕಲ್ಪಿತ ವ್ಯಕ್ತಿಯಾದರೂ ಇವನಂಥ ರೋಗಿಗಳು ಎಲ್ಲ ದೇಶಗಳ ಆಸ್ಪತ್ರೆಗಳಿಗೂ ಬರುತ್ತಾರೆ.

ಹಲ್ಲಿನ ಕೀವು ಬಾಯೊಳಗೆ ಒಡೆಯದೆ ಕೊರಳಿಗೆ ಇಳಿಯುವುದೇಕೆ? ಇದಕ್ಕೆ ದವಡೆಯ ರಚನೆಯೇ ಕಾರಣ. ಬಾಯಿಯ ತಳದಲ್ಲಿ, ನಾಲಗೆಯ ಕೆಳಗೆ, ಜೋಲಿಯನ್ನು ಕಟ್ಟಿದಂತೆ ಒಂದು ತೆಳುವಾದ ಸ್ನಾಯು ಹರಡಿಕೊಂಡಿದೆ. ಅದಕ್ಕೆ ಮೈಲೋಹಯಾಯಿಡ್ ಸ್ನಾಯು ಎನ್ನುತ್ತಾರೆ. ಅದು ಕೆಳದವಡೆಯ ಒಳಮೈಗೆ ಓರೆಯಾದ ಗೆರೆಯೊಂದರಲ್ಲಿ ಅಂಟಿಕೊಂಡಿರುತ್ತದೆ. ಮುಂದಿನ ಹಲ್ಲುಗಳ ಬೇರುಗಳು ಸಾಮಾನ್ಯವಾಗಿ ಈ ಗೆರೆಗಿಂತ ಮೇಲೆ ನಿಲ್ಲುತ್ತವೆ. ಅವುಗಳಿಂದ ಒಳಬದಿಗೆ ಹೊರಟ ಕೀವು ನಾಲಗೆಯ ಅಡಿಯಲ್ಲಿ ಸೇರುತ್ತದೆ. ಎರಡನೆಯ ಮತ್ತು ಮೂರನೆಯ ದವಡೆಹಲ್ಲುಗಳ ಬೇರುಗಳಾದರೋ ಗೆರೆಗಿಂತ ಕೆಳಕ್ಕೆ ಇಳಿದಿರುತ್ತವೆ. ಅವುಗಳ ಕೀವು ಎಲುಬನ್ನು ಒಳಬದಿಯಲ್ಲಿ ಕೊರೆದು ಹೊರಬಂದರೆ ನೇರವಾಗಿ ಜೋಲಿಯ ಕೆಳಗೆ, ಎಂದರೆ ಕೊರಳಿನ ಮೇಲ್ಭಾಗಕ್ಕೆ ಬೀಳುತ್ತದೆ. ಬಾಯೊಳಗಿನ ರೋಗವು ಹೀಗೆ ಕೊರಳಿನ ರೋಗವಾಗಿ ಪರಿಣಮಿಸುತ್ತದೆ.

ಕೊರಳೆಂಬುದು ಇಕ್ಕಟ್ಟಾದ ದಾರಿ. ಉಸಿರಿನ ಕೊಳವೆ, ಅನ್ನದ ಕೊಳವೆ, ಮಿದುಳಿಗೆ ರಕ್ತವನ್ನೊಯ್ಯುವ ದೊಡ್ಡ ನಾಳಗಳು, ಅನೇಕ ನರಗಳು ಎಲ್ಲವೂ ಅದರ ಮೂಲಕವೇ ಸಾಗಬೇಕು. ಇವುಗಳ ನಡುವೆ ಇರುವ ಸಂದುಗಳು ಒಂದಕ್ಕೊಂದು ಹೊಂದಿಕೊಂಡಿವೆ. ಒಂದು ಸಂದಿನಲ್ಲಿ ತುಂಬಿದ ಕೀವು ಪಕ್ಕದ ಸಂದಿಗೆ, ಅಲ್ಲಿಂದ ಗಂಟಲಿನ ಹಿಂಬದಿಗೆ, ಕೊನೆಗೆ ಎದೆಯ ಗೂಡಿಗೂ ಇಳಿಯಬಲ್ಲದು. ಬಾವು ಎರಡು ಪಕ್ಕಗಳಿಗೂ ಹರಡಿ, ಬಾಯಿಯ ತಳವೆಲ್ಲ ಮರದ ಹಲಗೆಯಂತೆ ಗಟ್ಟಿಯಾಗಿ, ನಾಲಗೆಯು ಮೇಲಕ್ಕೂ ಹಿಂದಕ್ಕೂ ತಳ್ಳಲ್ಪಟ್ಟರೆ ಉಸಿರಾಟಕ್ಕೆ ಎಡೆಯೇ ಉಳಿಯುವುದಿಲ್ಲ. ಈ ಭೀಕರ ಸ್ಥಿತಿಯನ್ನು ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ವೈದ್ಯ ವಿಲ್‌ಹೆಲ್ಮ್ ಫ್ರೀಡ್ರಿಕ್ ಫಾನ್ ಲುಡ್ವಿಗ್ 1836ರಲ್ಲಿ ವಿವರವಾಗಿ ವರ್ಣಿಸಿದನು. ಇಂದಿಗೂ ಅದು ಅವನ ಹೆಸರಿನಿಂದಲೇ ಲುಡ್ವಿಗ್ಸ್ ಆಂಜೈನಾ ಎಂದು ಪ್ರಸಿದ್ಧವಾಗಿದೆ. ಆಂಜೈನಾ ಎಂಬ ಪದದ ಮೂಲಾರ್ಥ ಕೊರಳು ಹಿಸುಕುವುದು ಎಂದು. ಪೆನಿಸಿಲಿನ್ ಮೊದಲಾದ ಔಷಧಿಗಳು ಬಳಕೆಗೆ ಬರುವುದಕ್ಕೆ ಮುಂಚೆ ಈ ರೋಗಕ್ಕೆ ತುತ್ತಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮೃತರಾಗುತ್ತಿದ್ದರು.

ರೋಗಾಣುಗಳನ್ನು ಕೊಲ್ಲುವ ಔಷಧಿಗಳಿರುವಾಗ ಕತ್ತಿಯ ಅಗತ್ಯವೇನೆಂಬ ಪ್ರಶ್ನೆ ಏಳುವುದು ಸಹಜ. ಔಷಧಿಯು ರಕ್ತದ ಮೂಲಕ ಹರಿದು ತನ್ನ ಕೆಲಸವನ್ನು ಮಾಡತಕ್ಕದ್ದು. ಕೀವಿನ ಕುಳಿಯೊಳಕ್ಕೆ ರಕ್ತನಾಳಗಳಿಲ್ಲ; ಆದ್ದರಿಂದ ಔಷಧಿ ಅಲ್ಲಿಗೆ ತಕ್ಕಷ್ಟು ತಲಪುವುದಿಲ್ಲ. ಒತ್ತಡದಿಂದ ತುಂಬಿಕೊಂಡ ಕೀವು ಹೊರಬರಲೇಬೇಕು. ಇದನ್ನು ನಮ್ಮ ಪ್ರಾಚೀನರೂ ಅರಿತಿದ್ದರು. ಸುಶ್ರುತ ಸಂಹಿತೆಯಲ್ಲಿ ಬಾವಿಗೆ ಆಮ, ಪಚ್ಯಮಾನ, ಪಕ್ವ ಎಂಬ ಮೂರು ಅವಸ್ಥೆಗಳನ್ನು ಹೇಳಿದೆ. ಶಸ್ತ್ರಕರ್ಮಗಳನ್ನು ಎಂಟು ಬಗೆಯಾಗಿ ವಿಂಗಡಿಸಿ, ಅವುಗಳಲ್ಲಿ ಸೀಳುವ ಕರ್ಮಕ್ಕೆ ಭೇದನವೆಂದೂ, ಕೀವು ಮೊದಲಾದುವನ್ನು ಹರಿಯಿಸುವ ಕರ್ಮಕ್ಕೆ ವಿಸ್ರಾವಣವೆಂದೂ ಹೆಸರಿಟ್ಟಿದೆ. ಕೀವಿಗೆ ದಾರಿ ಮಾಡಿಕೊಡಬೇಕೆಂಬ ಈ ನಿಯಮವು ಇಂದಿಗೂ ಬದಲಾಗಿಲ್ಲ.

ಬದಲಾದದ್ದು ನೋವಿನ ಕಥೆ. ಹಿಂದಿನ ಕಾಲದಲ್ಲಿ ಶಸ್ತ್ರಚಿಕಿತ್ಸೆಯೆಂದರೆ ರೋಗಿಯನ್ನು ನಾಲ್ವರು ಅದುಮಿ ಹಿಡಿಯುವುದೆಂದೇ ಅರ್ಥವಾಗಿತ್ತು. 1846ನೆಯ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ ನಗರದ ಆಸ್ಪತ್ರೆಯಲ್ಲಿ ವಿಲಿಯಂ ಮಾರ್ಟನ್ ಎಂಬ ದಂತವೈದ್ಯನು ಒಬ್ಬ ರೋಗಿಗೆ ಈಥರ್ ಆವಿಯನ್ನು ಮೂಸಿಸಿ ಮೈಮರೆಸಿದನು. ಜಾನ್ ಕಾಲಿನ್ಸ್ ವಾರನ್ ಎಂಬ ಶಸ್ತ್ರವೈದ್ಯನು ಆ ರೋಗಿಯ ಕೊರಳಿನಲ್ಲಿ, ದವಡೆಯ ಕೆಳಗೆ ಇದ್ದ ಗಂಟಿಗೆ ಶಸ್ತ್ರಚಿಕಿತ್ಸೆ ಮಾಡಿದನು. ನೆರೆದಿದ್ದವರು ಬೆರಗಾದರು. ಅರಿವಳಿಕೆಯ ಯುಗವು ಅಂದು ಜಗತ್ತಿಗೆಲ್ಲ ಪ್ರಕಟವಾಯಿತು. ಅಂದಿನಿಂದ ರೋಗಿಯನ್ನು ಪೂರ್ಣವಾಗಿ ನಿದ್ರೆಗೊಳಪಡಿಸಿ ಶಸ್ತ್ರಚಿಕಿತ್ಸೆ ಮಾಡುವ ಪದ್ಧತಿಯು ಬೆಳೆದು, ಇಂದು ಅತ್ಯಂತ ಸುರಕ್ಷಿತವಾಗಿದೆ.

ಹಾಗಾದರೆ ಮೇಲೆ ಹೇಳಿದ ರೈತನಿಗೂ ಪೂರ್ಣ ಅರಿವಳಿಕೆಯನ್ನೇ ಕೊಡಬಹುದಲ್ಲವೇ? ತೊಡಕಿರುವುದು ಇಲ್ಲಿಯೇ. ಮನುಷ್ಯನು ಎಚ್ಚರವಾಗಿರುವಾಗ ಗಂಟಲಿನ ಮತ್ತು ನಾಲಗೆಯ ಸ್ನಾಯುಗಳು ಅವನಿಗೆ ತಿಳಿಯದಂತೆಯೇ ಬಿಗಿಯಾಗಿ ನಿಂತು ಉಸಿರಿನ ದಾರಿಯನ್ನು ತೆರೆದಿಟ್ಟಿರುತ್ತವೆ. ಗಾಢವಾದ ಅರಿವಳಿಕೆಯಲ್ಲಿ ಈ ಸ್ನಾಯುಗಳು ಸಡಿಲವಾಗುತ್ತವೆ. ನಾಲಗೆಯು ಹಿಂದಕ್ಕೆ ಜಾರುತ್ತದೆ. ಸಾಮಾನ್ಯ ರೋಗಿಗಳಲ್ಲಿ ಇದರಿಂದ ತೊಂದರೆಯಿಲ್ಲ. ಅರಿವಳಿಕೆ ತಜ್ಞನು ಒಡನೆಯೇ ರೋಗಿಯ ಬಾಯಿಯನ್ನು ಅಗಲವಾಗಿ ತೆರೆದು, ಧ್ವನಿಪೆಟ್ಟಿಗೆಯನ್ನು ಕಣ್ಣಾರೆ ಕಂಡು, ಶ್ವಾಸನಾಳದೊಳಕ್ಕೆ ಕೊಳವೆಯೊಂದನ್ನು ಇಳಿಸಿ ಉಸಿರಾಟವನ್ನು ತನ್ನ ವಶಕ್ಕೆ ತೆಗೆದುಕೊಳ್ಳುತ್ತಾನೆ. ಈ ರೈತನ ಬಾಯಿಯಾದರೋ ತೆರೆಯುವುದೇ ಇಲ್ಲ. ಸೋಂಕು ದವಡೆಯನ್ನು ಮುಚ್ಚುವ ಸ್ನಾಯುಗಳನ್ನು ಕೆರಳಿಸಿದೆ. ನಿದ್ರೆ ಬಂದ ಮೇಲೆ ಅವು ಸಡಿಲಗೊಳ್ಳಬಹುದು, ಗೊಳ್ಳದೆಯೂ ಇರಬಹುದು. ಬಾವಿನಿಂದ ಗಂಟಲಿನ ಒಳಭಾಗವು ಪಕ್ಕಕ್ಕೆ ಸರಿದು ಗುರುತು ಸಿಕ್ಕದಂತಾಗಿರಬಹುದು. ಕೊಳವೆಯನ್ನು ತೂರಿಸುವಾಗ ಕೀವಿನ ಚೀಲವು ಒಳಕ್ಕೆ ಒಡೆದರೆ ಕೀವು ಶ್ವಾಸಕೋಶಗಳಿಗೆ ಹರಿಯಬಹುದು. ನಿದ್ರೆಯೇನೋ ಬಂದಿತು, ಕೊಳವೆ ಹೋಗಲಿಲ್ಲ ಎಂದಾದರೆ ರೋಗಿಯ ಉಸಿರನ್ನು ಕಾಯುವವರು ಯಾರು? ಕೆಲವು ನಿಮಿಷಗಳಲ್ಲಿಯೇ ಮಿದುಳಿಗೆ ಹಾನಿಯಾಗುತ್ತದೆ. ನೋವನ್ನು ನೀಗಿಸಹೊರಟ ಉಪಕಾರವೇ ಅಪಕಾರವಾಗಿ ಮುಗಿಯಬಹುದು.

ಹೀಗಿರಲಾಗಿ, ರೋಗಿಯು ಎಚ್ಚರವಾಗಿದ್ದು ತನ್ನ ಉಸಿರನ್ನು ತಾನೇ ಕಾಯ್ದುಕೊಳ್ಳುವಂತಿರಬೇಕು. ಆದರೆ ಕತ್ತಿಯ ನೋವು ಮಾತ್ರ ಅವನಿಗೆ ತಿಳಿಯಬಾರದು. ಈ ಎರಡನ್ನೂ ಏಕಕಾಲದಲ್ಲಿ ಸಾಧಿಸಲು ನೋವಿನ ಸಂಚಾರವು ಹೇಗೆ ನಡೆಯುತ್ತದೆಂಬುದನ್ನು ಅರಿಯಬೇಕು. ಗಾಯದ ಜಾಗದಲ್ಲಿ ಹುಟ್ಟಿದ ಸಂದೇಶವು ನರದ ತಂತುಗಳಲ್ಲಿ ಸಾಗಿ ಮಿದುಳನ್ನು ಮುಟ್ಟಿದಾಗಲೇ ಅದು ನೋವೆನಿಸಿಕೊಳ್ಳುತ್ತದೆ. ನಡುದಾರಿಯಲ್ಲಿ ಸಂದೇಶವನ್ನು ತಡೆದರೆ, ಗಾಯವಿದ್ದರೂ ನೋವಿಲ್ಲ.

ಇಂಥ ತಡೆಯನ್ನು ಒಡ್ಡುವ ಮೊದಲ ಔಷಧಿಯು ದಕ್ಷಿಣ ಅಮೆರಿಕದ ಕೋಕಾ ಎಲೆಯಿಂದ ದೊರೆಯಿತು. ಆ ಎಲೆಯ ಸಾರವಾದ ಕೋಕೇನಿನ ಹನಿಯನ್ನು ಹಾಕಿದರೆ ಕಣ್ಣು ಜೋಮು ಹಿಡಿಯುವುದೆಂಬುದನ್ನು ವಿಯೆನ್ನಾ ನಗರದ ತರುಣ ವೈದ್ಯ ಕಾರ್ಲ್ ಕಾಲರ್ 1884ರಲ್ಲಿ ತೋರಿಸಿಕೊಟ್ಟನು. ಹೈಡೆಲ್‌ಬರ್ಗ್ ನಗರದಲ್ಲಿ ಸೇರಿದ ನೇತ್ರವೈದ್ಯರ ಸಮ್ಮೇಳನಕ್ಕೆ ಹೋಗಲು ಅವನ ಬಳಿ ಪ್ರಯಾಣದ ಹಣವಿರಲಿಲ್ಲ. ಅವನ ಪ್ರಬಂಧವನ್ನು ಬೇರೊಬ್ಬ ವೈದ್ಯನು ಓದಬೇಕಾಯಿತು. ಈ ಸುದ್ದಿ ಅಟ್ಲಾಂಟಿಕ್ ಸಾಗರವನ್ನು ದಾಟಲು ತಡವಾಗಲಿಲ್ಲ. ಅದೇ ವರ್ಷ ನ್ಯೂಯಾರ್ಕಿನಲ್ಲಿ ವಿಲಿಯಂ ಹಾಲ್‌ಸ್ಟೆಡ್ ಎಂಬ ಶಸ್ತ್ರವೈದ್ಯನೂ ಅವನ ಸಂಗಡಿಗರೂ ಹೊಸ ವಿಚಾರವೊಂದನ್ನು ಪರೀಕ್ಷಿಸಿದರು. ಔಷಧಿಯನ್ನು ನೋಯುವ ಸ್ಥಳದಲ್ಲಿ ಬಳಿಯುವುದಕ್ಕೆ ಬದಲಾಗಿ, ಆ ಸ್ಥಳದ ನರವು ಬರುವ ದಾರಿಯಲ್ಲಿ ಸೂಜಿಯಿಂದ ಇಟ್ಟರೆ ಇಡೀ ಪ್ರದೇಶವೇ ಜೋಮು ಹಿಡಿಯುತ್ತದೆಂಬುದು ಆ ವಿಚಾರ. ಕೆಳದವಡೆಯ ಹಲ್ಲುಗಳ ನರವು ಅವರು ಹೀಗೆ ತಡೆದ ಮೊದಲ ನರಗಳಲ್ಲೊಂದು. ಈ ಪ್ರಯೋಗಗಳನ್ನು ಅವರು ತಮ್ಮ ಮೈಮೇಲೆಯೇ ಮಾಡಿಕೊಂಡರು. ಕೋಕೇನು ಚಟ ಹಿಡಿಸುವ ವಸ್ತುವೆಂಬುದು ಆಗ ಸರಿಯಾಗಿ ತಿಳಿದಿರಲಿಲ್ಲ. ಹಾಲ್‌ಸ್ಟೆಡ್ ಅದರ ದಾಸನಾಗಿ ದೀರ್ಘಕಾಲ ಬಹಳ ಕಷ್ಟಪಟ್ಟನು. ಲೋಕದ ನೋವನ್ನು ಕಳೆಯಹೊರಟವನು ತೆತ್ತ ಬೆಲೆ ಅಷ್ಟಿಷ್ಟಲ್ಲ.

ಚಟ ಹಿಡಿಸದ ಔಷಧಿಗಾಗಿ ರಸಾಯನಶಾಸ್ತ್ರಜ್ಞರು ಹುಡುಕತೊಡಗಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಆಲ್ಫ್ರೆಡ್ ಐನ್‌ಹಾರ್ನ್ ಪ್ರೊಕೇನ್ ಎಂಬುದನ್ನು ತಯಾರಿಸಿದನು. 1905ರಲ್ಲಿ ಹೈನ್ರಿಕ್ ಬ್ರೌನ್ ಅದನ್ನು ಚಿಕಿತ್ಸೆಯಲ್ಲಿ ಬಳಕೆಗೆ ತಂದನು. ಔಷಧಿಯೊಡನೆ ಸ್ವಲ್ಪ ಅಡ್ರಿನಲಿನ್ ಬೆರೆಸಿದರೆ ಸುತ್ತಲಿನ ರಕ್ತನಾಳಗಳು ಕುಗ್ಗಿ, ಔಷಧಿಯು ಬೇಗನೆ ಕೊಚ್ಚಿಹೋಗದೆ ಹೆಚ್ಚು ಹೊತ್ತು ನಿಲ್ಲುವುದೆಂಬುದನ್ನು ತಿಳಿಸಿದವನೂ ಅವನೇ. ಸ್ವೀಡನ್ ದೇಶದ ನಿಲ್ಸ್ ಲಾಫ್‌ಗ್ರೆನ್ ಮತ್ತು ಬೆಂಗ್ಟ್ ಲುಂಡ್‌ಕ್ವಿಸ್ಟ್ 1943ರಲ್ಲಿ ಲಿಡೊಕೇನ್ ಎಂಬ ಇನ್ನೂ ಉತ್ತಮವಾದ ಔಷಧಿಯನ್ನು ಸಿದ್ಧಪಡಿಸಿದರು. ಲುಂಡ್‌ಕ್ವಿಸ್ಟನು ಅದನ್ನು ಮೊದಲು ತನ್ನ ಮೇಲೆಯೇ ಪರೀಕ್ಷಿಸಿಕೊಂಡನು. 1948ರಿಂದ ಬಳಕೆಯಲ್ಲಿರುವ ಲಿಡೊಕೇನು ಇಂದಿಗೂ ಹಲ್ಲಿನ ಆಸ್ಪತ್ರೆಗಳಲ್ಲಿ ಅತ್ಯಂತ ಪರಿಚಿತವಾದ ಔಷಧಿಯಾಗಿದೆ.

ಇಷ್ಟು ಒಳ್ಳೆಯ ಔಷಧಿಯಿರುವಾಗ ಅದನ್ನು ಬಾವಿನೊಳಕ್ಕೇ ಚುಚ್ಚಿದರೆ ಸಾಲದೇ? ಸಾಲದು. ಇದಕ್ಕೆ ಮುಖ್ಯವಾಗಿ ಮೂರು ಕಾರಣಗಳಿವೆ. ಮೊದಲನೆಯದು ರಾಸಾಯನಿಕವಾದದ್ದು. ಲಿಡೊಕೇನಿನ ಕಣಗಳು ಎರಡು ರೂಪದಲ್ಲಿರುತ್ತವೆ: ವಿದ್ಯುದಂಶವುಳ್ಳವು ಮತ್ತು ಅದಿಲ್ಲದವು. ವಿದ್ಯುದಂಶವಿಲ್ಲದ ಕಣಗಳು ಮಾತ್ರವೇ ನರದ ಪೊರೆಯನ್ನು ಸುಲಭವಾಗಿ ದಾಟಿ ಒಳಹೊಕ್ಕು ಸಂದೇಶವನ್ನು ತಡೆಯಬಲ್ಲವು. ಆರೋಗ್ಯವಾದ ಅಂಗಾಂಶದಲ್ಲಿ ಸುಮಾರು ನಾಲ್ಕರಲ್ಲಿ ಒಂದು ಭಾಗದಷ್ಟು ಕಣಗಳು ಹೀಗಿರುತ್ತವೆ. ಸೋಂಕು ತಗಲಿದ ಅಂಗಾಂಶವಾದರೋ ಆಮ್ಲೀಯವಾಗಿರುತ್ತದೆ. ಅಂಗಾಂಶದ ಆಮ್ಲೀಯತೆಯನ್ನು ಸೂಚಿಸುವ ಪಿಎಚ್ ಅಂಕವು 7.4ರಿಂದ 6.4ಕ್ಕೆ ಇಳಿದರೆ, ದಾಟಬಲ್ಲ ಕಣಗಳು ನೂರರಲ್ಲಿ ಮೂರರಷ್ಟಕ್ಕೆ ಕುಗ್ಗಿಬಿಡುತ್ತವೆ. ಆದ್ದರಿಂದಲೇ ಕೀವಿನ ಹಲ್ಲಿನ ಬುಡಕ್ಕೆ ಚುಚ್ಚಿದ ಔಷಧಿ ಅನೇಕ ವೇಳೆ ಹತ್ತುವುದಿಲ್ಲ. ಎರಡನೆಯದಾಗಿ, ಕೆರಳಿದ ಜಾಗದಲ್ಲಿ ರಕ್ತಸಂಚಾರವು ಹೆಚ್ಚಾಗಿದ್ದು, ಔಷಧಿಯನ್ನು ಬೇಗನೆ ಸಾಗಿಸಿಬಿಡುತ್ತದೆ. ಮೂರನೆಯದಾಗಿ, ಸೋಂಕಿನ ಮೂಲಕ ಹಾಯ್ದ ಸೂಜಿಯು ರೋಗಾಣುಗಳನ್ನು ಇನ್ನೂ ಆಳಕ್ಕೆ ಒಯ್ಯಬಹುದು. ಬಿಗಿದುಕೊಂಡ ಬಾವಿಗೆ ಇನ್ನಷ್ಟು ದ್ರವವನ್ನು ತುಂಬುವುದರಿಂದಾಗುವ ಯಾತನೆಯಂತೂ ಹೇಳತೀರದು. ಆದಕಾರಣ ಜಾಣತನವಿರುವುದು ಬೆಂಕಿ ಬಿದ್ದ ಮನೆಯೊಳಕ್ಕೆ ನುಗ್ಗುವುದರಲ್ಲಿಲ್ಲ. ಅಲ್ಲಿಂದ ಸುದ್ದಿ ಹೊರಡುವ ಬಾಗಿಲಲ್ಲಿ, ಆರೋಗ್ಯವಾದ ನೆಲದಲ್ಲಿ, ಕಾವಲು ನಿಲ್ಲುವುದರಲ್ಲಿದೆ.

ದವಡೆಯ ಕೆಳಗಿನ ಬಾವಿಗೆ ಇಂಥ ಬಾಗಿಲು ಒಂದಲ್ಲ, ಎರಡು. ದವಡೆಯ ಅಂಚು ಎರಡು ನರಸಮೂಹಗಳ ಎಲ್ಲೆಗೆರೆ. ಅದರ ಮೇಲಕ್ಕೆ ಮುಖದ ಬಹುಭಾಗ, ಹಲ್ಲುಗಳು, ಬಾಯಿಯ ತಳ ಇವುಗಳ ಸಂವೇದನೆಯನ್ನು ಒಯ್ಯುವುದು ಮಿದುಳಿನಿಂದ ಹೊರಡುವ ಐದನೆಯ ನರ. ಅದಕ್ಕೆ ಮೂರು ಕವಲುಗಳಿದ್ದು, ಕೆಳದವಡೆಯ ಪಾಲಿಗೆ ಬಂದಿರುವುದು ಮೂರನೆಯ ಕವಲು. ದವಡೆಯ ಅಂಚಿನ ಕೆಳಗೆ, ಕೊರಳಿನ ಚರ್ಮದ ಸಂವೇದನೆಯನ್ನು ಒಯ್ಯುವ ನರಗಳು ಬೆನ್ನುಹುರಿಯ ಮೇಲ್ಭಾಗದಿಂದ, ಕೊರಳಿನ ಎರಡು, ಮೂರು ಮತ್ತು ನಾಲ್ಕನೆಯ ನರಗಳಿಂದ ಬರುತ್ತವೆ. ಇವುಗಳ ಹೆಣೆಗೆಗೆ ಗ್ರೀವಾಜಾಲ ಎನ್ನಬಹುದು. ಚರ್ಮವನ್ನು ಸೀಳುವಾಗ ಕೂಗಿಕೊಳ್ಳುವುದು ಗ್ರೀವಾಜಾಲ. ಆಳದಲ್ಲಿ ದವಡೆಯ ಎಲುಬಿನ ಬಳಿ ಇಕ್ಕಳವು ತಾಗಿದಾಗ ಕೂಗಿಕೊಳ್ಳುವುದು ಐದನೆಯ ನರ. ಒಂದನ್ನು ಮಾತ್ರ ತಡೆದರೆ ಕೆಲಸವು ಅರ್ಧಕ್ಕೆ ನಿಲ್ಲುತ್ತದೆ.

ಗ್ರೀವಾಜಾಲದ ಬಾಗಿಲನ್ನು ಯಾರು ಬೇಕಾದರೂ ತಮ್ಮ ಮೈಯಲ್ಲಿಯೇ ಗುರುತಿಸಬಹುದು. ಕನ್ನಡಿಯ ಮುಂದೆ ನಿಂತು ಮುಖವನ್ನು ಬಲಕ್ಕೆ ತಿರುಗಿಸಿದರೆ, ಎಡಗಡೆಯ ಕಿವಿಯ ಹಿಂಭಾಗದಿಂದ ಎದೆಯೆಲುಬಿನ ಮೇಲ್ತುದಿಯವರೆಗೆ ಹಗ್ಗದಂತೆ ಒಂದು ಸ್ನಾಯು ಉಬ್ಬಿ ನಿಲ್ಲುತ್ತದೆ. ಅದರ ಹಿಂದಿನ ಅಂಚಿನ ನಡುವಿನಲ್ಲಿ, ಹೆಚ್ಚುಕಡಮೆ ಒಂದೇ ಸ್ಥಳದಿಂದ, ಚರ್ಮದ ನಾಲ್ಕು ನರಗಳು ಹೊರಬಂದು ಬೀಸಣಿಗೆಯ ಕಡ್ಡಿಗಳಂತೆ ಹರಡಿಕೊಳ್ಳುತ್ತವೆ. ಒಂದು ತಲೆಯ ಹಿಂಭಾಗಕ್ಕೆ, ಒಂದು ಕಿವಿ ಮತ್ತು ದವಡೆಯ ಮೂಲೆಗೆ, ಒಂದು ಕೊರಳಿನ ಮುಂಭಾಗಕ್ಕೆ, ಇನ್ನೊಂದು ಹೆಗಲಿನ ಕಡೆಗೆ ಸಾಗುತ್ತವೆ. ಅಲ್ಲಿ ಚರ್ಮದ ಕೆಳಗೆ, ಹೆಚ್ಚು ಆಳಕ್ಕೆ ಹೋಗದೆ, ಹತ್ತು ಮಿಲಿಲೀಟರಿನಷ್ಟು ಔಷಧಿಯನ್ನು ಅಂಚಿನುದ್ದಕ್ಕೂ ಇಟ್ಟರೆ ಅರ್ಧ ಕೊರಳೇ ಜೋಮು ಹಿಡಿಯುತ್ತದೆ. ಬಾವಿರುವುದು ದವಡೆಯ ಕೆಳಗೆ. ಸೂಜಿ ಹೋಗುವುದು ಅಲ್ಲಿಂದ ದೂರದ, ಸೋಂಕಿಲ್ಲದ ಪಕ್ಕದಲ್ಲಿ.

ಎರಡನೆಯ ಬಾಗಿಲು ಕೆಳದವಡೆಯ ನರದ್ದು. ಸಾಮಾನ್ಯವಾಗಿ ದಂತವೈದ್ಯರು ಬಾಯಿಯನ್ನು ಅಗಲವಾಗಿ ತೆರೆಯಿಸಿ, ದವಡೆಯ ಒಳಬದಿಯಲ್ಲಿ ಈ ನರವನ್ನು ತಡೆಯುತ್ತಾರೆ. ಬಾಯಿ ತೆರೆಯಲಾಗದವರಿಗೆ ಬೇರೆ ದಾರಿಗಳಿವೆ. ಹಲ್ಲುಗಳು ಕಚ್ಚಿಕೊಂಡಿರುವಾಗಲೇ ಕೆನ್ನೆಯ ಒಳಪಕ್ಕದಿಂದ ಸೂಜಿಯನ್ನು ಹಿಂದಕ್ಕೆ ಸಾಗಿಸುವ ವಿಧಾನವನ್ನು 1960ರಲ್ಲಿ ವಜೀರಾನಿಯೂ, 1977ರಲ್ಲಿ ನೈಜೀರಿಯಾದ ಅಕಿನೋಸಿಯೂ ವಿವರಿಸಿದರು. ಅದು ಇಂದು ಅವರಿಬ್ಬರ ಹೆಸರಿನಿಂದಲೂ ಪರಿಚಿತವಾಗಿದೆ. ಹೊರಗಿನಿಂದ, ಕೆನ್ನೆಯೆಲುಬಿನ ಕಮಾನಿನ ಕೆಳಗೆ, ದವಡೆಯ ಎಲುಬಿನ ಮೇಲಂಚಿನಲ್ಲಿರುವ ಕಚ್ಚಿನ ಮೂಲಕ ನರವನ್ನು ಮುಟ್ಟುವ ಮಾರ್ಗವೂ ಉಂಟು. ಯಾವ ದಾರಿಯನ್ನು ಆರಿಸಬೇಕೆಂಬುದನ್ನು ಸೋಂಕು ಎಲ್ಲಿಯವರೆಗೆ ಹಬ್ಬಿದೆಯೆಂಬುದೇ ನಿರ್ಧರಿಸುತ್ತದೆ. ಸೋಂಕಿರುವ ದಾರಿಯಲ್ಲಿ ಸೂಜಿ ಹೋಗಕೂಡದು.

ಈಗ ಆ ರೈತನ ಬಳಿಗೆ ಮರಳಬಹುದು. ಅವನನ್ನು ಮಲಗಿಸದೆ, ತಲೆಯ ಭಾಗವನ್ನು ಎತ್ತರಿಸಿ ಒರಗಿಸಿದ್ದಾರೆ. ತೋಳಿನ ರಕ್ತನಾಳಕ್ಕೆ ಸೂಜಿಯನ್ನು ಅಳವಡಿಸಿ ರೋಗಾಣುನಾಶಕ ಔಷಧಿಯನ್ನು ಕೊಟ್ಟಾಗಿದೆ. ವೈದ್ಯನು ತಾನು ಮಾಡಲಿರುವುದನ್ನು ಅವನಿಗೆ ಮೊದಲೇ ತಿಳಿಸಿ ಹೇಳುತ್ತಾನೆ. ಪ್ರತಿ ಬಾರಿಯೂ ಔಷಧಿಯನ್ನು ಒತ್ತುವ ಮುನ್ನ ಪಿಚಕಾರಿಯನ್ನು ಹಿಂದಕ್ಕೆಳೆದು ರಕ್ತ ಬರುವುದಿಲ್ಲವೆಂದು ಖಚಿತಪಡಿಸಿಕೊಳ್ಳುತ್ತಾನೆ; ಏಕೆಂದರೆ ಕೊರಳಿನಲ್ಲಿ ದೊಡ್ಡ ರಕ್ತನಾಳಗಳಿವೆ. ಔಷಧಿಯ ಮೊತ್ತವನ್ನೂ ಲೆಕ್ಕವಿಡುತ್ತಾನೆ. ಅಡ್ರಿನಲಿನ್ ಬೆರೆತ ಲಿಡೊಕೇನನ್ನು ದೇಹತೂಕದ ಒಂದು ಕಿಲೋಗ್ರಾಮಿಗೆ 7 ಮಿಲಿಗ್ರಾಮಿಗಿಂತ ಹೆಚ್ಚು ಕೊಡಬಾರದೆಂದು ನಿಯಮ. ರೈತನು 60 ಕಿಲೋಗ್ರಾಂ ತೂಗುವುದಾದರೆ ಮಿತಿಯು 420 ಮಿಲಿಗ್ರಾಂ. ಶೇಕಡ ಒಂದರ ದ್ರಾವಣದ ಒಂದು ಮಿಲಿಲೀಟರಿನಲ್ಲಿ 10 ಮಿಲಿಗ್ರಾಂ ಇರುವುದರಿಂದ, ಎರಡು ಬಾಗಿಲುಗಳಿಗೂ ಸೇರಿ 20 ಮಿಲಿಲೀಟರ್ ಬಳಸಿದರೂ 200 ಮಿಲಿಗ್ರಾಂ ಮಾತ್ರವೇ ಆಗುತ್ತದೆ. ಮಿತಿ ಮೀರಿದರೆ, ಅಥವಾ ಔಷಧಿ ನೇರವಾಗಿ ರಕ್ತವನ್ನು ಸೇರಿದರೆ, ತುಟಿಗಳ ಸುತ್ತ ಜೋಮು, ಕಿವಿಯಲ್ಲಿ ಮೊರೆತ, ಕೊನೆಗೆ ಸೆಳವು ಉಂಟಾಗಬಹುದು. ಮದ್ದು ಮತ್ತು ವಿಷಗಳ ನಡುವೆ ಇರುವ ಗೆರೆಯು ಬಹುಮಟ್ಟಿಗೆ ಪ್ರಮಾಣದ ಗೆರೆಯೇ.

ಹತ್ತು ಹದಿನೈದು ನಿಮಿಷಗಳು ಕಳೆಯುತ್ತವೆ. ವೈದ್ಯನು ಚರ್ಮವನ್ನು ಸೂಜಿಯ ಮೊನೆಯಿಂದ ಮುಟ್ಟಿ, “ನೋಯುತ್ತದೆಯೆ?” ಎಂದು ಕೇಳುತ್ತಾನೆ. ರೈತನು ಇಲ್ಲವೆಂದು ತಲೆಯಾಡಿಸುತ್ತಾನೆ. ದವಡೆಯ ಅಂಚಿನಿಂದ ಎರಡು ಸೆಂಟಿಮೀಟರಿನಷ್ಟು ಕೆಳಗೆ, ತುಟಿಯನ್ನು ಆಡಿಸುವ ನರಕ್ಕೆ ಪೆಟ್ಟಾಗದಂತೆ, ಚರ್ಮವನ್ನು ಚಿಕ್ಕದಾಗಿ ಸೀಳಲಾಗುತ್ತದೆ. ಅಲ್ಲಿಂದ ಮುಂದಕ್ಕೆ ಕತ್ತಿಯ ಕೆಲಸವಿಲ್ಲ. ಮೊಂಡು ಮೂತಿಯ ಇಕ್ಕಳವನ್ನು ಮುಚ್ಚಿದಂತೆಯೇ ಒಳಕ್ಕೆ ತೂರಿಸಿ, ಕೀವಿನ ಕುಳಿಯಲ್ಲಿ ಅದರ ಬಾಯಿಯನ್ನು ಅಗಲಿಸಿ, ತೆರೆದಂತೆಯೇ ಹೊರಕ್ಕೆ ತೆಗೆಯಬೇಕು. ನರಗಳಿಗೂ ರಕ್ತನಾಳಗಳಿಗೂ ಧಕ್ಕೆ ತಾರದ ಈ ಕ್ರಮವು ಹತ್ತೊಂಬತ್ತನೆಯ ಶತಮಾನದ ಲಂಡನ್ ನಗರದ ಶಸ್ತ್ರವೈದ್ಯ ಜಾನ್ ಹಿಲ್ಟನ್‌ನ ಹೆಸರನ್ನು ಹೊತ್ತಿದೆ. ದುರ್ಗಂಧದ ಕೀವು ಹೊರಹರಿಯುತ್ತದೆ. ಗಾಯ ಬೇಗನೆ ಮುಚ್ಚಿಕೊಳ್ಳದಂತೆ ರಬ್ಬರಿನ ಪಟ್ಟಿಯೊಂದನ್ನು ಒಳಗಿರಿಸಿ ಒಂದೆರಡು ದಿನಗಳ ತರುವಾಯ ತೆಗೆಯುತ್ತಾರೆ. ಕೆಟ್ಟ ಹಲ್ಲನ್ನು ಕೀಳಬೇಕು, ಇಲ್ಲವೆ ಅದರ ಬೇರಿನ ನಾಳವನ್ನು ಶುದ್ಧಗೊಳಿಸಬೇಕು. ಮೂಲವು ಹಾಗೆಯೇ ಉಳಿದರೆ ಬಾವು ಮರಳಿ ಬರುವುದು ನಿಶ್ಚಯ.

ಈ ಕಾರ್ಯವೆಲ್ಲ ನಡೆಯುತ್ತಿರುವಾಗ ರೈತನು ಎಚ್ಚರವಾಗಿಯೇ ಇದ್ದನು. ಯಾರೋ ಕೊರಳನ್ನು ಮುಟ್ಟುತ್ತಿರುವುದು, ಒತ್ತುತ್ತಿರುವುದು ಅವನಿಗೆ ತಿಳಿಯುತ್ತಿತ್ತು. ನೋವು ಮಾತ್ರ ತಿಳಿಯುತ್ತಿರಲಿಲ್ಲ. ಬಾಯಿಗೆ ಬಂದ ಉಗುಳನ್ನು ತಾನೇ ನುಂಗಿದನು, ಕೆಮ್ಮು ಬಂದಾಗ ತಾನೇ ಕೆಮ್ಮಿದನು, ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟನು. ಆ ಉತ್ತರವೇ ವೈದ್ಯನಿಗೆ ಅತ್ಯಂತ ನಂಬಿಕೆಯ ಸೂಚನೆ. ಮಾತನಾಡುವವನು ಉಸಿರಾಡುತ್ತಿದ್ದಾನೆ. ಅವನ ಸ್ವರವು ಕಟ್ಟಿದಂತಾದರೆ, ಮಾತು ತಡವರಿಸಿದರೆ, ಯಂತ್ರಗಳಿಗಿಂತ ಮುಂಚೆಯೇ ಅಪಾಯವು ತಿಳಿದುಬಿಡುತ್ತದೆ. ಪೂರ್ಣ ಅರಿವಳಿಕೆಯಲ್ಲಿ ಈ ಎಲ್ಲ ಹೊಣೆಯನ್ನೂ ವೈದ್ಯನೊಬ್ಬನೇ ಹೊರಬೇಕು. ಇಲ್ಲಿ ರೋಗಿಯೂ ಅವನೊಡನೆ ಹೊಣೆಗಾರನಾಗಿರುತ್ತಾನೆ.

ಹೀಗೆಂದ ಮಾತ್ರಕ್ಕೆ ನರತಡೆಯು ಸಕಲ ರೋಗಿಗಳಿಗೂ ಒಪ್ಪುವ ಉಪಾಯವೆಂದು ತಿಳಿಯಬಾರದು. ಬಾವು ಒಂದೇ ಪಕ್ಕದಲ್ಲಿದ್ದು, ಕೈಗೆ ಸಿಗುವಂತಿದ್ದು, ಉಸಿರಾಟ ಸರಾಗವಾಗಿರುವವರಿಗೆ ಇದು ತಕ್ಕದ್ದು. ಕೀವು ಆಳದ ಸಂದುಗಳಿಗೆ ಇಳಿದಿದ್ದರೆ ಇದರಿಂದ ಪ್ರಯೋಜನವಾಗದು. ಉಗುಳನ್ನು ನುಂಗಲಾರದೆ ಜೊಲ್ಲು ಸುರಿಸುವವನು, ಮಲಗಲಾರದೆ ಮುಂದಕ್ಕೆ ಬಾಗಿ ಕುಳಿತವನು, ಉಸಿರೆಳೆಯುವಾಗ ಸೀಟಿಯಂಥ ಸದ್ದು ಬರುವವನು ಆಗಲೇ ಅಪಾಯದ ಅಂಚಿನಲ್ಲಿರುತ್ತಾನೆ. ಅವನಿಗೆ ಮೊದಲು ಉಸಿರಿನ ದಾರಿಯನ್ನು ಭದ್ರಪಡಿಸಬೇಕು. ಎಚ್ಚರವಿರುವಾಗಲೇ ಬಾಗುವ ದರ್ಶಕ ನಳಿಕೆಯ ಸಹಾಯದಿಂದ ಮೂಗಿನ ಮೂಲಕ ಕೊಳವೆಯನ್ನು ಇಳಿಸುವುದು ಒಂದು ಕ್ರಮ. ಕೊರಳಿನ ಕೆಳಭಾಗದಲ್ಲಿ ಶ್ವಾಸನಾಳಕ್ಕೆ ನೇರವಾಗಿ ರಂಧ್ರ ಮಾಡುವುದು ಇನ್ನೊಂದು. ಪುಟ್ಟ ಮಕ್ಕಳೂ, ಬಹಳ ಹೆದರಿದವರೂ ಅಲುಗದೆ ಇರಲಾರರು. ಕೆಲವೊಮ್ಮೆ ತಡೆಯು ಪೂರ್ತಿಯಾಗಿ ಹತ್ತದೆಯೂ ಇರಬಹುದು. ಗ್ರೀವಾಜಾಲವನ್ನು ತೀರ ಆಳದಲ್ಲಿ ತಡೆಯಹೋದರೆ ವಪೆಯನ್ನು ಆಡಿಸುವ ನರವೂ ಜೋಮು ಹಿಡಿದು ಉಸಿರಾಟಕ್ಕೆ ತೊಡಕಾಗಬಹುದು. ಆದ್ದರಿಂದಲೇ ಮೇಲ್ಪದರದ ತಡೆಗೆ ಮನ್ನಣೆ ಹೆಚ್ಚು. ಹೀಗಾಗಿ ವಿವೇಕಿಯಾದ ವೈದ್ಯನು ಮೊದಲ ಉಪಾಯವು ಫಲಿಸದಿದ್ದರೆ ಎರಡನೆಯದು ಯಾವುದೆಂಬುದನ್ನು ನಿರ್ಧರಿಸಿ, ಅದರ ಸಾಮಗ್ರಿಯನ್ನೂ ಸಿದ್ಧವಾಗಿರಿಸಿಕೊಂಡೇ ಸೂಜಿಯನ್ನು ಕೈಗೆತ್ತಿಕೊಳ್ಳುತ್ತಾನೆ.

ಈ ಉಪಾಯದಲ್ಲಿ ಬಳಸುವ ಸಾಮಗ್ರಿಯನ್ನು ಎಣಿಸಿದರೆ ಆಶ್ಚರ್ಯವೆನಿಸುತ್ತದೆ: ಒಂದು ಸೂಜಿ, ಒಂದು ಪಿಚಕಾರಿ, ಅಗ್ಗದ ಔಷಧಿಯ ಒಂದು ಸೀಸೆ. ಈಗ ಶ್ರವಣಾತೀತ ಧ್ವನಿಯ ಯಂತ್ರದಿಂದ ಸೂಜಿಯ ಮೊನೆಯನ್ನೂ ಸುತ್ತಲಿನ ರಕ್ತನಾಳಗಳನ್ನೂ ಪರದೆಯ ಮೇಲೆ ಕಾಣುವ ಅನುಕೂಲವೂ ಒದಗಿದೆ. ಆದರೆ ಯಾವ ನರವು ಎಲ್ಲಿಂದ ಹೊರಟು ಎಲ್ಲಿಗೆ ಸೇರುತ್ತದೆಂಬ ಅಂಗರಚನೆಯ ಜ್ಞಾನವಿಲ್ಲದಿದ್ದರೆ ಯಂತ್ರವಿದ್ದೂ ಫಲವಿಲ್ಲ. ಮಾನವದೇಹವನ್ನು ತಾಳ್ಮೆಯಿಂದ ಅಭ್ಯಾಸ ಮಾಡಿದ ನೂರಾರು ಜನರ ದುಡಿಮೆಯು ಆ ಸೂಜಿಯ ಮೊನೆಯಲ್ಲಿ ನೆಲೆಗೊಂಡಿದೆ.

ಇಷ್ಟಾದರೂ ಈ ಚಿಕಿತ್ಸೆಯ ಅಗತ್ಯವೇ ಬಾರದಂತೆ ನೋಡಿಕೊಳ್ಳುವುದು ಅದಕ್ಕಿಂತ ಮೇಲು. ರೈತನ ಹಲ್ಲಿನಲ್ಲಿ ಮೊದಲು ಇದ್ದದ್ದು ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆ. ಆಗಲೇ ಅದನ್ನು ಕೊರೆದು ತುಂಬಿಸಿದ್ದರೆ ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತಿತ್ತು. ಉಗುರಿನಿಂದ ಹೋಗುವುದಕ್ಕೆ ಕೊಡಲಿಯನ್ನು ತೆಗೆದುಕೊಳ್ಳುವ ಸ್ಥಿತಿಯನ್ನು ಜನರು ತಾವಾಗಿಯೇ ತಂದುಕೊಳ್ಳುತ್ತಾರೆ. ದಿನಕ್ಕೆ ಎರಡು ಬಾರಿ ಹಲ್ಲುಜ್ಜುವುದು, ಸಿಹಿಯನ್ನು ಮಿತಗೊಳಿಸುವುದು, ಹಲ್ಲು ನೋಯತೊಡಗಿದಾಗಲೇ ವೈದ್ಯನಿಗೆ ತೋರಿಸುವುದು ಯಾರಿಗೂ ಅಸಾಧ್ಯವಾದ ವ್ರತಗಳಲ್ಲ. ವಿಶೇಷವಾಗಿ, ಕಾಡುತ್ತಿದ್ದ ಹಲ್ಲುನೋವು ಚಿಕಿತ್ಸೆಯಿಲ್ಲದೆ ಒಮ್ಮಿಂದೊಮ್ಮೆಗೆ ನಿಂತಾಗ ಸಂತೋಷಪಡುವ ಬದಲು ಎಚ್ಚರಗೊಳ್ಳಬೇಕು. ನೋವು ಕಷ್ಟದಾಯಕವೇನೋ ನಿಜ; ಆದರೆ ಅದು ದೇಹವು ಕಳುಹಿಸುವ ದೂತ. ದೂತನ ಮಾತನ್ನು ಸಕಾಲದಲ್ಲಿ ಕೇಳಿದವನಿಗೆ, ಅವನನ್ನು ಬಾಗಿಲಲ್ಲಿ ತಡೆದು ನಿಲ್ಲಿಸುವ ಪ್ರಸಂಗವೇ ಬರುವುದಿಲ್ಲ.